ಮೂರು ನಿಮಿಷ ಇಪ್ಪತ್ತು ಸೆಕೆಂಡಿನ ಆವನಿ

ಒಂದು ಸೆಕೆಂಡಿಗೆ 36 ರೂಪಾಯಿ! ಓದುಗ ಮಿತ್ರರೇ, ಇದು ಯಾವ ತಾರೆಯ ಸಂಭಾವನೆಯೂ ಅಲ್ಲ, ಮಲ್ಟಿಪ್ಲೆಕ್ಸಿನ ಪಾಪ್‌ಕಾರ್ನ್ ರೇಟೂ ಅಲ್ಲ. ಅಂಗೈಯಗಲದ ಸೂಪರ್ 8 ಕ್ಯಾಮೆರಾಗೆ ಬಣ್ಣದ ಫಿಲಂ ತುಂಬಿ ಗುಂಡಿ ಒತ್ತಿದರೆ ಬೀಳುವ ಖರ್ಚು. ಗುಂಡಿ ಒತ್ತಿ ಸೀನಿದರೂ 36 ರೂಪಾಯಿ ಹೋಯ್ತು ಅಂತಲೇ ಅರ್ಥ.

ಲೆಕ್ಕ ಹೇಳ್ತೀನಿ ಕೇಳಿ. ಸೂಪರ್ 8 ಅಂದರೆ 8 ಮಿಲಿಮೀಟರ್ ಅಗಲದ ಫಿಲಂ. ಮನೆಮಂದಿ ಸಿನಿಮಾ ತೆಗೆಯಲಿ ಅಂತ ಕೊಡಕ್ ಕಂಪನಿ ಇದನ್ನು 1965ರಲ್ಲಿ ಹೊರತಂದಿತು. ಪ್ಲಾಸ್ಟಿಕ್ ಡಬ್ಬಿಯೊಳಗೆ 50 ಅಡಿ ಫಿಲಂ. ಅಡಿಗೆ 72 ಚಿತ್ರ, ಒಟ್ಟು 3600 ಚಿತ್ರ. ಸೆಕೆಂಡಿಗೆ 18 ಚಿತ್ರದ ವೇಗದಲ್ಲಿ ಓಡಿಸಿದರೆ 3 ನಿಮಿಷ 20 ಸೆಕೆಂಡು. ದೊಡ್ಡ ಸಿನಿಮಾದ 24ರ ವೇಗಕ್ಕೆ ಹಾಕಿದಿರೋ, ಎರಡೂವರೆ ನಿಮಿಷಕ್ಕೇ ಮಂಗಳ. ನಮ್ಮ ಒಂದು ಡ್ಯುಯೆಟ್ಟೂ ಮುಗಿಯೋದಿಲ್ಲ!

ನನಗೆ ಫಿಲಂ ಬಿದ್ದದ್ದು 5,900 ರೂಪಾಯಿಗೆ. ತೊಳೆಯೋದಕ್ಕೆ 1,300. ಒಟ್ಟು 7,200. ಚಿತ್ರ ಒಂದಕ್ಕೆ 2 ರೂಪಾಯಿ, ಅಡಿಗೆ 144 ರೂಪಾಯಿ. ಇಷ್ಟು ದುಡ್ಡನ್ನು ಜೇಬಲ್ಲಿ ಕಟ್ಟಿಕೊಂಡು ನಾನು ಹೋದದ್ದು ಊಟಿಗಲ್ಲ, ಕಾಶ್ಮೀರಕ್ಕಲ್ಲ. ನಮ್ಮ ಕೋಲಾರ ಜಿಲ್ಲೆಯ ಆವನಿ ಜಾತ್ರೆಗೆ.

ಗೋಡೆ ಮೇಲೆ ಕೆಂಪು ಕುಚ್ಚು

ಮೊಬೈಲ್ ಇರೋವಾಗ ಈ ಗೀಳು ಯಾಕೆ ಅಂತ ನೀವು ಕೇಳ್ತೀರಿ, ಗೊತ್ತು. ಅದಕ್ಕೆ ಕಾರಣ ಮುಳಬಾಗಿಲಿನ ಒಬ್ಬ ಹಳೇ ಸ್ಟುಡಿಯೋ ಯಜಮಾನರು. ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷ ಆಗಿದೆ. ಆದರೆ ಅವರ ಬೀರುವಿನಲ್ಲಿ ಒಂದು ಪುಟ್ಟ ಪ್ರೊಜೆಕ್ಟರು, ಒಂದು ಕ್ಯಾಮೆರಾ, ಒಂದು ರೀಲು ಭದ್ರವಾಗಿವೆ. 1978ರ ಆವನಿ ಜಾತ್ರೆ, ಕೊಡಕ್ರೋಮ್ ಫಿಲಂನಲ್ಲಿ ತೆಗೆದದ್ದು. ದೀಪ ಆರಿಸಿ ಗೋಡೆ ಮೇಲೆ ಬಿಟ್ಟರು ನೋಡಿ... ಎತ್ತಿನ ಕೊಂಬಿನ ಕೆಂಪು ಕುಚ್ಚು ನಿನ್ನೆ ಅಂಗಡಿಯಿಂದ ತಂದ ಹಾಗೆ ಕೆಂಪಗಿತ್ತು! ಚೆಂಡುಹೂ ಹಳದಿ, ಹುಡುಗಿಯೊಬ್ಬಳ ಲಂಗ ಗಿಳಿಹಸಿರು. ಆ ಹುಡುಗಿಗೆ ಈಗ ಮೊಮ್ಮಕ್ಕಳಿರಬೇಕು.

"ದೊಡ್ಡ ಸಿನಿಮಾ ಪ್ರಿಂಟುಗಳೆಲ್ಲಾ ಗುಲಾಬಿ ಬಣ್ಣಕ್ಕೆ ತಿರುಗಿ ಹಾಳಾದ್ವು. ನನ್ನ ಎತ್ತು ನೋಡಿ, ಇನ್ನೂ ಹಂಗೇ ನಿಂತಿದೆ" ಅಂದರು ಯಜಮಾನರು.

ಮಾತು ಸತ್ಯ. ಅಂದಿನ ಈಸ್ಟ್‌ಮನ್‌ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರು ಮೊದಲು ಮಾಸುತ್ತಿತ್ತು, ಉಳಿಯೋದು ಕೆಂಪು-ಗುಲಾಬಿ ಛಾಯೆ. ಕೊಡಕ್ರೋಮ್ ಕತ್ತಲಲ್ಲಿಟ್ಟರೆ ದಶಕಗಟ್ಟಲೆ ಕದಲದು. "ಆಗ ತೊಳೆಯೋಕೆ ಎಲ್ಲಿಗೆ ಕೊಡ್ತಿದ್ರಿ ಸಾರ್?" ಅಂದೆ. "ಬೊಂಬಾಯಿಗೆ ಪೋಸ್ಟು. ವಾಪಸ್ ಬರೋವರೆಗೂ ಮಗಳ ಬಾಣಂತನ ಕಾದ ಹಂಗೆ ಕಾಯೋದು" ಅಂತ ನಕ್ಕರು. ಕೊನೆಗೆ ಕ್ಯಾಮೆರಾ ನನ್ನ ಕೈಗಿಟ್ಟು ಒಂದೇ ಶರತ್ತು ಹಾಕಿದರು: "ಆವನಿ ಜಾತ್ರೇನ ಇನ್ನೊಂದ್ಸಲ ಬಣ್ಣದಲ್ಲಿ ತೆಗೆದು ತಂದು ಇದೇ ಗೋಡೆ ಮೇಲೆ ತೋರಿಸ್ಬೇಕು."

ಬಣ್ಣ ಯಾವತ್ತೂ ದುಬಾರಿ

ಬಣ್ಣಕ್ಕೆ ಪರದಾಡಿದವನು ನಾನೊಬ್ಬನೇ ಅಲ್ಲ. ಗಾಂಧಿನಗರವೇ ಪರದಾಡಿದೆ. ಬಿ.ಎಸ್. ರಂಗಾ ಅವರ 'ಅಮರಶಿಲ್ಪಿ ಜಕಣಾಚಾರಿ' 1964ರಲ್ಲೇ ಪೂರ್ತಿ ಬಣ್ಣದಲ್ಲಿ ಬಂತು. ಆದರೆ ಬಣ್ಣದ ಕಚ್ಚಾ ಫಿಲಂ ಹೊರದೇಶದಿಂದ ಬರಬೇಕು, ದುಡ್ಡು ಸುರಿಯಬೇಕು. ಹಾಗಾಗಿ ಏಳು ವರ್ಷ ಕಳೆದು 1971ರಲ್ಲಿ ಬಂದ ಅಣ್ಣಾವ್ರ 'ಕಸ್ತೂರಿ ನಿವಾಸ'ವೂ ಕಪ್ಪು-ಬಿಳುಪೇ. ಅದಕ್ಕೆ ಬಣ್ಣ ಹಚ್ಚಿ ಮತ್ತೆ ತೆರೆಗೆ ತಂದದ್ದು 2014ರಲ್ಲಿ! 1972ರ 'ಬಂಗಾರದ ಮನುಷ್ಯ', 'ನಾಗರಹಾವು' ಬಣ್ಣದಲ್ಲಿ ಬಂದು ಜನರನ್ನು ಹುಚ್ಚೆಬ್ಬಿಸಿದ ಮೇಲೂ ಕಲಾತ್ಮಕ ಚಿತ್ರದವರ ಜೇಬಿಗೆ ಬಣ್ಣ ಎಟುಕಲಿಲ್ಲ. ಗಿರೀಶ್ ಕಾಸರವಳ್ಳಿಯವರ 'ಘಟಶ್ರಾದ್ಧ' 1977ರಲ್ಲೂ ಕಪ್ಪು-ಬಿಳುಪು. ನಿರ್ಮಾಪಕರ ಪಾಡೇ ಹೀಗಿದ್ದಾಗ ಮನೆಯಲ್ಲಿ ಸಿನಿಮಾ ತೆಗೆಯೋ ಸಾಮಾನ್ಯನ ಪಾಡೇನು? ಊಟಿಯ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಕಪ್ಪು-ಬಿಳುಪು ಫಿಲಂ ಸ್ಟುಡಿಯೋದವರಿಗೆ ಆಸರೆಯಾಗಿತ್ತು, ಪೂರ್ವ ಜರ್ಮನಿಯ 'ಓರ್ವೊ' ಫಿಲಂ ಅಂಗಡಿಗಳಲ್ಲಿ ಕಾಣುತ್ತಿತ್ತು. ಕೊಡಕ್ರೋಮ್ ಮಾತ್ರ ಹೊರದೇಶದಲ್ಲಿ ನೆಂಟರಿದ್ದವರ ಭಾಗ್ಯ.

ಸಿಕ್ಕಿದ್ದು, ಸಿಗಬಾರದ್ದು

ನನ್ನ ಬೇಟೆ ಶುರುವಾದದ್ದು ಬೆಂಗಳೂರಿನಲ್ಲಿ. ಒಂದು ಅಂಗಡಿಯವನು (ಹೆಸರು ಬೇಡ ಬಿಡಿ) ಧೂಳು ಒರೆಸಿ ಹಳದಿ ಪೆಟ್ಟಿಗೆಯೊಂದನ್ನು ಮುಂದಿಟ್ಟ. ಕೊಡಕ್ರೋಮ್ 40, ಬರೀ ಎರಡು ಸಾವಿರ, "ಅಪರೂಪದ ಮಾಲು ಬ್ರದರ್" ಅಂದ. ಅಪರೂಪ ಹೌದು, ಆದರೆ ಬಣ್ಣಕ್ಕೆ ಉಪಯೋಗ ಇಲ್ಲ! ಸೂಪರ್ 8 ಕೊಡಕ್ರೋಮ್ ತಯಾರಿಕೆ ನಿಲ್ಲಿಸುವುದಾಗಿ ಕೊಡಕ್ ಹೇಳಿದ್ದು 2005ರಲ್ಲಿ. ಅದನ್ನು ತೊಳೆಯುತ್ತಿದ್ದ ಜಗತ್ತಿನ ಕಟ್ಟಕಡೆಯ ಲ್ಯಾಬು ಅಮೆರಿಕದ ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಊರಿನ ಡ್ವೇನ್ಸ್ ಫೋಟೋ. ಅಲ್ಲೂ ಹೊಸ ರೋಲು ತೆಗೆದುಕೊಳ್ಳಲು ಕಡೇ ದಿನ 2010ರ ಡಿಸೆಂಬರ್ 30. ಕೊಡಕ್ರೋಮಿನ ಬಣ್ಣ ಫಿಲಂನೊಳಗೇ ಇರೋದಿಲ್ಲ, ತೊಳೆಯುವಾಗ ರಾಸಾಯನಿಕದಿಂದ ಸೇರಬೇಕು. ಆ ರಾಸಾಯನಿಕವೇ ಇಲ್ಲ ಅಂದಮೇಲೆ ಬಣ್ಣ ಎಲ್ಲಿಂದ ಬರಬೇಕು? ಹೆಚ್ಚೆಂದರೆ ಕಪ್ಪು-ಬಿಳುಪಾಗಿ ತೊಳೆಯಬಹುದು. ನಿಮಗೂ ಯಾರಾದರೂ ಆ ಹಳದಿ ಪೆಟ್ಟಿಗೆ ತೋರಿಸಿದರೆ ಕೈಮುಗಿದು ಬಂದುಬಿಡಿ.

ಇವತ್ತು ಬಣ್ಣಕ್ಕೆ ಇರೋ ದಾರಿ ಎರಡು. ಒಂದು, ಕೊಡಕ್‌ನ ವಿಷನ್ 3 ನೆಗೆಟಿವ್. ಇದು ದೊಡ್ಡ ಸಿನಿಮಾದವರು ಬಳಸುವ ಸರಕೇ. ಬೆಳಕು ಹೆಚ್ಚು-ಕಡಿಮೆಯಾದರೂ ತಡೆದುಕೊಳ್ಳುತ್ತೆ. ಆದರೆ ನೆಗೆಟಿವ್ ಆದ್ದರಿಂದ ನೇರವಾಗಿ ಗೋಡೆಗೆ ಬಿಡೋಕಾಗಲ್ಲ. ಸ್ಕ್ಯಾನ್ ಮಾಡಿಸಿ ಕಂಪ್ಯೂಟರಿನಲ್ಲೋ ಫೋನಿನಲ್ಲೋ ನೋಡಬೇಕು. ಇನ್ನೊಂದು ತೊಡಕು: ಬಹುಕಾಲ ಅದರ ಬೆನ್ನಿಗೆ ಕಪ್ಪು ಮಸಿಯ ಲೇಪ ಇರುತ್ತಿತ್ತು. ಅದನ್ನು ತೆಗೆಯದೆ ಸ್ಟಿಲ್ ಫೋಟೋ ಲ್ಯಾಬಿಗೆ ಕೊಟ್ಟರೆ ಅವರ ಮಷೀನೇ ಗಲೀಜು. ಲೇಪ ಇಲ್ಲದ ಫಿಲಂ ಕಡೆ ಕೊಡಕ್ ತಿರುಗಿದ್ದು 2025ರಲ್ಲಿ. ಹಳೇ ಸ್ಟಾಕ್ ಕೊಳ್ಳುವವರು ಎಚ್ಚರದಿಂದಿರಬೇಕು.

ಎರಡನೇದು ಎಕ್ಟಾಕ್ರೋಮ್. 2012ರಲ್ಲಿ ನಿಂತುಹೋಗಿ 2018ರಲ್ಲಿ ಮರುಜನ್ಮ ಪಡೆದ ಫಿಲಂ. ಬೆಲೆ ಜಾಸ್ತಿ, ಬೆಳಕಿನ ಅಂದಾಜು ತಪ್ಪಿದರೆ ಕ್ಷಮಿಸೋದಿಲ್ಲ. ಆದರೆ ಕ್ಯಾಮೆರಾದೊಳಗೆ ಓಡಿದ ಫಿಲಂ ತೊಳೆದ ಮೇಲೆ ಅದೇ ಪ್ರೊಜೆಕ್ಟರಿಗೂ ಹೋಗುತ್ತೆ. ಯಜಮಾನರ ಶರತ್ತು ಗೋಡೆ ಮೇಲೆ ಅಂತ ತಾನೆ? ಸಿಂಗಪುರದಿಂದ ರಜಕ್ಕೆ ಬರ್ತಿದ್ದ ಗೆಳೆಯನಿಗೆ ಹೇಳಿ ಒಂದೇ ಒಂದು ಎಕ್ಟಾಕ್ರೋಮ್ ತರಿಸಿದೆ.

ಆವನಿಯ ದಾರಿ

ಶಿವರಾತ್ರಿ ಸಮಯ. ಕೋಲಾರದಿಂದ ಮುಳಬಾಗಿಲು ಬಸ್ಸು. ಕಿಟಕಿ ಪಕ್ಕ ಕೂತು ಡಬ್ಬಿಯನ್ನು ಸ್ಟೀಲ್ ಟಿಫನ್ ಕ್ಯಾರಿಯರಿನೊಳಗಿಟ್ಟು ಮಡಿಲಲ್ಲಿ ಇಟ್ಟುಕೊಂಡಿದ್ದೆ, ಫಿಲಂಗೆ ಬಿಸಿಲು ಆಗದು. ಕಂಡಕ್ಟರ್ "ಏನಣ್ಣಾ, ಬಿರಿಯಾನಿನಾ?" ಅಂದ. ಮುಳಬಾಗಿಲು ಅಂದರೆ ನಮ್ಮ ಸೌಂದರ್ಯ ಅವರ ಸೀಮೆ. ತಾನೇ ನಿರ್ಮಿಸಿದ 'ದ್ವೀಪ'ಕ್ಕೆ ಸ್ವರ್ಣಕಮಲ ತಂದ ಹೆಣ್ಣುಮಗಳು. ಅದರಲ್ಲಿ ಮಳೆಯ ಬಣ್ಣ ಹಿಡಿದ ಛಾಯಾಗ್ರಾಹಕ ರಾಮಚಂದ್ರ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ಮುಳಬಾಗಿಲಲ್ಲಿ ತುಪ್ಪದಲ್ಲಿ ಮಿಂದ ದೋಸೆ ತಿಂದು ಆವನಿ ಬಸ್ಸು ಹತ್ತಿದರೆ ಹದಿಮೂರು ಕಿಲೋಮೀಟರು.

ಆವನಿ ಬೆಟ್ಟ ದೂರದಿಂದಲೇ ಕಾಣುತ್ತೆ, ಬಂಡೆ ಮೇಲೆ ಬಂಡೆ. ವಾಲ್ಮೀಕಿ ಆಶ್ರಮ ಇದ್ದದ್ದು ಇಲ್ಲೇ, ಲವ-ಕುಶರು ಹುಟ್ಟಿದ್ದು ಇಲ್ಲೇ ಅಂತ ಊರಿನವರ ನಂಬಿಕೆ. ಬೆಟ್ಟದ ಮೇಲೆ ಸೀತಮ್ಮನ ಗುಡಿ. ಕೆಳಗೆ ಒಂದೇ ಆವರಣದಲ್ಲಿ ರಾಮ, ಲಕ್ಷ್ಮಣ, ಭರತ, ಶತ್ರುಘ್ನರ ಹೆಸರಿನ ಈಶ್ವರ ಗುಡಿಗಳು. ನೊಳಂಬ ಅರಸರ ಕಾಲದವು, ಸಾವಿರ ವರ್ಷ ದಾಟಿವೆ. ಅಣ್ಣ ರಾಮನಿಗಿಂತ ತಮ್ಮ ಲಕ್ಷ್ಮಣನ ಗುಡಿಯಲ್ಲೇ ಕೆತ್ತನೆ ಹೆಚ್ಚು! ಇವು ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಬೇಕಾದರೆ ಅಪ್ಪಣೆ ಬೇಕು. ನಾನು ಕಂಬಕ್ಕೊರಗಿ ಉಸಿರು ಬಿಗಿಹಿಡಿದೇ ತೆಗೆದೆ. ಒಳಗಿನ ಕತ್ತಲಿಗೆ ಎಕ್ಟಾಕ್ರೋಮಿನ ಶಕ್ತಿ ಸಾಲದು. ಅಂಥಾ ಕಡೆ ನೋಡಿ, ಕೈಮುಗಿದು, ಹೊರಗೆ ಬರಬೇಕು ಅಷ್ಟೆ.

ಹಿಂದಿನ ರಾತ್ರಿಯೇ ನೋಟ್‌ಬುಕ್ಕಿನಲ್ಲಿ ಸೆಕೆಂಡು ಹಂಚಿದ್ದೆ. ಗುಡಿಗಳಿಗೆ 20, ಬೆಟ್ಟಕ್ಕೆ 20, ಬಳೆ-ಕಡ್ಲೆಪುರಿ ಅಂಗಡಿಗಳಿಗೆ 20, ತೇರಿಗೆ 40, ದನದ ಜಾತ್ರೆಗೆ 60. ಉಳಿದ 40 ಸೆಕೆಂಡು, ಅಂದರೆ ಹತ್ತು ಅಡಿ, ಸಾಯಂಕಾಲ ಸೀತಮ್ಮನ ಬೆಟ್ಟದಿಂದ ಮುಳುಗುವ ಸೂರ್ಯನಿಗೆ. ಕ್ಲೈಮ್ಯಾಕ್ಸು!

ಕಲ್ಲಿಗೆ ಬಣ್ಣದ ಫಿಲಂ ಯಾಕೆ ಬೇಕು, ಕಪ್ಪು-ಬಿಳುಪೇ ಸಾಕು ಅಂತ ನೀವನ್ನಬಹುದು. ಆದರೆ ಆ ಬೂದು ಬಂಡೆಯ ಮುಂದೆ ಜಾತ್ರೆ ನಿಂತಾಗ ನೋಡಬೇಕು ಸ್ವಾಮಿ! ಕೊಂಬಿಗೆ ಹಿತ್ತಾಳೆ ಕಳಸ, ಕುತ್ತಿಗೆಗೆ ಗೆಜ್ಜೆ, ಹಣೆಗೆ ಕುಂಕುಮ, ಬೆನ್ನಿಗೆ ಜರಿ ಗೌನು. ಹಳ್ಳಿಕಾರ್ ಎತ್ತುಗಳು ಹೀರೋಗಳ ಥರ ಕತ್ತೆತ್ತಿ ನಿಂತಿರುತ್ತವೆ. ದಲ್ಲಾಳಿ ಕೆಂಪು ಟವೆಲಿನಡಿ ಕೈ ಹಾಕಿ ಬೆರಳು ಹಿಡಿದು ರೇಟು ಹೇಳ್ತಾನೆ. ಮುಖ ನೋಡಿದರೆ ಏನೂ ಗೊತ್ತಾಗದು. ಹೊರಗೆ ಬಣ್ಣ, ಒಳಗೆ ಲಕ್ಷಗಳ ಗುಟ್ಟು. ಅದಕ್ಕೇ ಎಂಟು ಸೆಕೆಂಡು ಕೊಟ್ಟೆ.

ನಲವತ್ತು ಸೆಕೆಂಡಿನ ಜೋಡಿ

ಮಧ್ಯಾಹ್ನ ಮೂರು ಗಂಟೆ. ಕ್ಯಾಮೆರಾದ ಮೀಟರು 40 ಅಡಿ ತೋರಿಸ್ತಿತ್ತು. ಹುಣಸೇಮರದ ಕೆಳಗೆ ಒಬ್ಬ ತಾತ, ಪಕ್ಕದಲ್ಲಿ ಒಂದು ಜೋಡಿ ಎತ್ತು. ನನ್ನ ಕೈ ನೋಡಿ ಕರೆದರು.

"ಏನಪ್ಪಾ, ಸಿನಿಮಾದೋರಾ?"

"ಇಲ್ಲ ತಾತ, ಪೇಪರ್‌ನೋನು. ಇದು ಹಳೇ ಕ್ಯಾಮೆರಾ."

"ಇವುಗಳ್ನ ತೆಗಿತೀಯಾ? ಇನ್ನೊಂದು ಗಂಟೇಲಿ ಕೈ ಬದಲಾಯ್ತವೆ. ಯಾಪಾರ ಆಗೋಯ್ತು. ಮನೇಲಿ ಇನ್ನು ಎತ್ತು ಕಟ್ಟಲ್ಲ, ಮಗ ಟ್ರ್ಯಾಕ್ಟ್ರು ತಂದವ್ನೆ."

"ಫೋನಲ್ಲಿ ತೆಗೆದು ಕೊಡ್ಲಾ ತಾತ?"

"ಪೋನಲ್ಲಿ ಮೊಮ್ಮಗ ತೆಗೆದಿದ್ದ. ಪೋನೇ ನೀರಲ್ಲಿ ಬಿತ್ತು" ಅಂದರು.

ಬೆಟ್ಟದ ಕಡೆ ನೋಡಿದೆ. ಸೂರ್ಯ ಇಳೀತಿದ್ದ. ಈ ಸೂರ್ಯ ನಾಳೇನೂ ಮುಳುಗ್ತಾನೆ, ಮುಂದಿನ ಶಿವರಾತ್ರಿಗೂ ಮುಳುಗ್ತಾನೆ. 1963ರ ನವೆಂಬರ್ 22ರಂದು ಅಮೆರಿಕದ ಡಲ್ಲಾಸ್‌ನಲ್ಲಿ ಅಧ್ಯಕ್ಷ ಕೆನಡಿಗೆ ಗುಂಡು ಬಿದ್ದದ್ದನ್ನು ಹಿಡಿದದ್ದು ಜಪ್ರೂಡರ್ ಎಂಬ ಬಟ್ಟೆ ವ್ಯಾಪಾರಿಯ ಮನೆಬಳಕೆಯ 8 ಎಂ.ಎಂ. ಕ್ಯಾಮೆರಾ. ಇಡೀ ಜಗತ್ತು ಇಂದಿಗೂ ನೋಡ್ತಿರೋ ಆ ಬಣ್ಣದ ತುಣುಕು ಇಪ್ಪತ್ತೇಳು ಸೆಕೆಂಡೂ ಇಲ್ಲ. ತಾತನಿಗೆ ನಲವತ್ತು ಸೆಕೆಂಡು ಸಾಲದೇ?

ಗುಂಡಿ ಒತ್ತಿದೆ. ತಾತ ನನ್ನ ಜೊತೆ ಕನ್ನಡ, ಎತ್ತುಗಳ ಜೊತೆ ತೆಲುಗು. ಎಡಗಡೆಯದರ ಗಂಗೆದೊಗಲು ತುರಿಸಿದರು, ಬಲಗಡೆಯದರ ಹಣೆಗೆ ಹಣೆ ಹಚ್ಚಿದರು. ಆಮೇಲೆ ಹಗ್ಗ ಹಿಡಿದು ನೆಟ್ಟಗೆ ನಿಂತು ಸ್ಟಿಲ್ ಫೋಟೋಗೆ ನಿಂತ ಹಾಗೆ ಕಣ್ಣೂ ಮಿಟುಕಿಸಲಿಲ್ಲ. "ಅಲ್ಲಾಡಿ ತಾತ" ಅನ್ನೋಕೆ ಮನಸ್ಸಾಗಲಿಲ್ಲ. ಹತ್ತು ಅಡಿ ಮುಗಿದು ಕ್ಯಾಮೆರಾ ನಿಂತಿತು. 1,440 ರೂಪಾಯಿ. ಸೂರ್ಯಾಸ್ತ ನಾನೊಬ್ಬನೇ ಬರಿಗಣ್ಣಲ್ಲಿ ನೋಡಿದೆ.

ಬಚ್ಚಲುಮನೆ ಲ್ಯಾಬೊರೇಟರಿ

ಹಿಂದೆಲ್ಲ ಕನ್ನಡ ಚಿತ್ರಗಳ ನೆಗೆಟಿವ್ ಪೆಟ್ಟಿಗೆ ರೈಲು ಹತ್ತಿ ಮದರಾಸಿನ ಲ್ಯಾಬುಗಳಿಗೆ ಹೋಗುತ್ತಿತ್ತು. ನನ್ನ ಪೆಟ್ಟಿಗೆ ಹೋದದ್ದು ಕೋಲಾರದ ನಮ್ಮ ಮನೆ ಬಚ್ಚಲಿಗೆ! ಮುಂಬಯಿಯಲ್ಲಿ 16 ಎಂ.ಎಂ. ಚಿತ್ರೋತ್ಸವ ನಡೆಸುವ ಹರ್ಕತ್ ಸ್ಟುಡಿಯೋಸ್‌ನಂಥ ಕಡೆ ಫಿಲಂ ಹುಚ್ಚಿನ ಹುಡುಗರು ಇದ್ದಾರೆ. ಹೊರದೇಶದ ಲ್ಯಾಬಿಗೂ ಕೊರಿಯರ್ ಮಾಡಬಹುದು. ಆದರೆ ಹೋಗಿಬರೋ ಖರ್ಚು ಫಿಲಂ ಬೆಲೆಯನ್ನೇ ಮೀರಿಸುತ್ತೆ. ಅಗ್ಗದ ದಾರಿ ಒಂದೇ, ಪಾಲುದಾರಿಕೆ. ಎಕ್ಟಾಕ್ರೋಮ್ ತೊಳೆಯೋದು ಇ-6 ಎಂಬ ವಿಧಾನದಲ್ಲಿ. ಸ್ಟಿಲ್ ಫೋಟೋ ಸ್ಲೈಡಿಗೂ ಅದೇ. ಸ್ಲೈಡ್ ತೆಗೆಯೋ ಮೂವರು ಗೆಳೆಯರ ಜೊತೆ ಸೇರಿ ಒಂದು ಕಿಟ್ ತರಿಸಿದೆವು. ತಲಾ 1,300 ಬಿತ್ತು.

ಪಿಯುಸಿಯಲ್ಲಿ ಕೆಮಿಸ್ಟ್ರಿ ಲ್ಯಾಬಿನಿಂದ ಓಡಿಬಂದವನು ನಾನು; ಈಗ ಬಚ್ಚಲಲ್ಲಿ ಥರ್ಮಾಮೀಟರ್ ಹಿಡಿದು ಕೂತೆ. ರಷ್ಯಾದ ಲೋಮೋ ಕಂಪನಿಯ ಹಳೇ ತೊಟ್ಟಿಯೊಂದು ಎರವಲು ಸಿಕ್ಕಿತ್ತು. ಅದರ ಸುರುಳಿಯಲ್ಲಿ 50 ಅಡಿ ಫಿಲಂ ಒಂದಕ್ಕೊಂದು ತಾಗದ ಹಾಗೆ ಕೂರುತ್ತೆ. ಸುತ್ತೋದು ಕಗ್ಗತ್ತಲಲ್ಲಿ. ಆಮೇಲೆ ಮೊದಲ ಡೆವಲಪರು, ಬಣ್ಣದ ಡೆವಲಪರು, ಕಡೆಗೆ ಬೆಳ್ಳಿ ತೆಗೆದು ಚಿತ್ರ ನಿಲ್ಲಿಸುವ ದ್ರಾವಣ. ನಡುನಡುವೆ ತೊಳೆತ. ಮೊದಲ ಡೆವಲಪರಿನ ಶಾಖ 38 ಡಿಗ್ರಿಗಿಂತ ಆಚೀಚೆ ಹೋದರೆ ಬಣ್ಣ ಕೆಟ್ಟಿತು. ಇಲ್ಲಿ ನಮ್ಮ ಕೋಲಾರದ ಬಿಸಿಲು ಕೈಹಿಡಿಯಿತು. ತಾರಸಿ ಟ್ಯಾಂಕಿನ ನೀರೇ ಅರ್ಧ ಕಾದಿತ್ತು, ಹಂಡೆಯಿಂದ ನಾಲ್ಕು ಚೊಂಬು ಬಿಸಿನೀರು ಬೆರೆಸಿದರೆ ಶಾಖ ಸರಿ!

ಆದರೆ ದ್ರಾವಣ ಕಲಸೋಕೆ ನಮ್ಮ ಬೋರ್‌ವೆಲ್ ನೀರು ಬೇಡವೇ ಬೇಡ. ಸಾವಿರ ಅಡಿ ಆಳದ ಗಡಸು ನೀರು. ಫಿಲಂ ಮೇಲೆ ಬಿಳಿ ಕಲೆ ಗ್ಯಾರಂಟಿ. ಬೀದಿ ಕೊನೆಯ ಶುದ್ಧ ನೀರಿನ ಘಟಕಕ್ಕೆ ಐದು ರೂಪಾಯಿ ನಾಣ್ಯ ಹಾಕಿ ಕ್ಯಾನು ಹಿಡಿದು ತಂದೆ. ಅಮ್ಮ ಬಾಗಿಲು ತಟ್ಟಿ "ಎಷ್ಟೊತ್ತೋ ಸ್ನಾನ?" ಅಂದಳು. ಒಂದೂವರೆ ಗಂಟೆ ಆದಮೇಲೆ ತೊಟ್ಟಿಯ ಮುಚ್ಚಳ ತೆಗೆದು ತುದಿ ಹಿಡಿದು ಎತ್ತಿದೆ. ಕಿರುಬೆರಳ ಉಗುರಿಗಿಂತ ಸಣ್ಣ ಚೌಕದೊಳಗೆ ಹುಣಸೇಮರ ಹಸಿರಾಗಿ ನಿಂತಿತ್ತು.

"ಇನ್ನೊಂದ್ಸಲ ಬಿಡು"

ಮೊದಲ ಆಟ ಮುಳಬಾಗಿಲಿನಲ್ಲಿ, ಯಜಮಾನರ ಗೋಡೆ ಮೇಲೆ. ಅವರು ತುಟಿ ಬಿಚ್ಚಲಿಲ್ಲ. ಮುಗಿದ ಮೇಲೆ "ಕೊಡಕ್ರೋಮಿನ ಕೆಂಪು ಬರಲಿಲ್ಲ, ಆದ್ರೆ ಆಕಾಶ ನನ್ನದಕ್ಕಿಂತ ಚೆನ್ನಾಗಿದೆ" ಅಂದರು. ಅದಕ್ಕಿಂತ ದೊಡ್ಡ ವಿಮರ್ಶೆ ಯಾವುದಿದೆ?

ಎರಡನೇ ಆಟ ಆವನಿಯಲ್ಲಿ. ತಾತನನ್ನು ಹುಡುಕಿಕೊಂಡು ಪ್ರೊಜೆಕ್ಟರು ಹೊತ್ತು ಹೋದೆ. ಸುಣ್ಣ ಬಳಿದ ಗೋಡೆ, ಮುಂದೆ ಮೂವತ್ತು-ನಲವತ್ತು ಜನ. ತೇರು ಬಂದಾಗ ಶಿಳ್ಳೆ, ಬಳೆ ಅಂಗಡಿ ಬಂದಾಗ ನಗು. ಹುಣಸೇಮರ ಬಂದಾಗ ಎಲ್ಲಾ ಗಪ್‌ಚಿಪ್. ಕೊಟ್ಟಿಗೆ ಖಾಲಿಯಾಗಿ ಎರಡು ತಿಂಗಳಾಗಿತ್ತು. ಗೋಡೆ ಮೇಲೆ ಎತ್ತು ಬಾಲ ಬೀಸಿತು.

"ಇನ್ನೊಂದ್ಸಲ ಬಿಡು" ಅಂದರು ತಾತ.

ಮಿತ್ರರೇ, ಈ ಫಿಲಂಗೆ ನೆಗೆಟಿವ್ ಇಲ್ಲ, ಎರಡನೇ ಪ್ರತಿ ಇಲ್ಲ. ಪ್ರೊಜೆಕ್ಟರಿನಲ್ಲಿ ಓಡಿದಷ್ಟು ಸಲವೂ ಗೀರು ಬೀಳುತ್ತೆ. ಆದರೂ ಐದು ಸಲ ಬಿಟ್ಟೆ. ಐದನೇ ಸಲಕ್ಕೆ ತಾತ ಎದ್ದು ಹೋಗಿ ಗೋಡೆ ಪಕ್ಕ ನಿಂತರು. ಎಡಗಡೆ ಎತ್ತಿನ ಬಣ್ಣ ಅವರ ಬಿಳೀ ಅಂಗಿ ಮೇಲೆ ಬಿತ್ತು. "ಇವನು ಇಷ್ಟು ಕೆಂಪಗಿರಲಿಲ್ಲ ಕಣಪ್ಪಾ" ಅಂದರು. ಆಮೇಲೆ ಮೆತ್ತಗೆ, "ಸಾಯಂಕಾಲದ ಬಿಸಿಲು ಬಿದ್ದಿತ್ತಲ್ಲಾ, ಅದುಕ್ಕೇ" ಅಂತ ತಾವೇ ಸಮಾಧಾನ ಹೇಳಿಕೊಂಡರು.

ದೀಪ ಹಾಕಿದ ಮೇಲೆ ಜನ ಸುತ್ತುವರಿದರು. ಎಷ್ಟು ಖರ್ಚು, ಎಲ್ಲಿ ಸಿಗುತ್ತೆ, ನಮ್ಮನೇದೂ ತೆಗೀತೀಯಾ? ಲೆಕ್ಕ ಬಿಡಿಸಿ ಹೇಳಿದೆ. ಟೀ ಅಂಗಡಿಯವನು ಯೋಚಿಸಿ, "ಸೆಕೆಂಡಿಗೆ ಮೂವತ್ತಾರಾ? ನಂಗೆ ಐದು ಸೆಕೆಂಡು ಬರ್ಕೊ ಅಣ್ಣಾ, ಅಮ್ಮ ಅಂಗಡೀಲಿ ಕೂತಿರೋದು ತೆಗೀಬೇಕು" ಅಂದ. ಒಬ್ಬಾಕೆ ಮಗಳ ಗೌರಿಹಬ್ಬದ ಜಡೆಗೆ ಹತ್ತು ಸೆಕೆಂಡು ಅಂದರು. ಶಾಲೆ ಹುಡುಗರ ಗುಂಪೊಂದು ಎಲ್ಲರ ಜೇಬು ಹುಡುಕಿ ಒಂದು ಸೆಕೆಂಡಿಗೆ ಮುಂಗಡ ಕೊಟ್ಟಿತು!

ಬಣ್ಣದ ಫಿಲಂ ಒಬ್ಬನ ಜೇಬಿಗೆ ಭಾರ, ಊರಿನ ಜೇಬಿಗೆ ಅಲ್ಲ. ನೀವೂ ಹೀಗೆ ಮಾಡಿ ನೋಡಿ. ಫಿಲಂ ಪಾಲಿಗೆ ಹತ್ತು ಜನ, ಕಿಟ್ ಪಾಲಿಗೆ ನಾಲ್ಕು ಜನ. ಸೆಕೆಂಡು ಮೊದಲೇ ಹಂಚಿಕೊಳ್ಳಿ, ಕತ್ತಲೆ ಗುಡಿಯೊಳಗೆ ಸುಡಬೇಡಿ, ನೀರು ಒಳ್ಳೇದು ಹಾಕಿ.

ಮುಂದಿನ ಶಿವರಾತ್ರಿಗೆ ನಮ್ಮ ಎರಡನೇ ಡಬ್ಬಿ. ನೋಟ್‌ಬುಕ್ಕಿನಲ್ಲಿ ಈವರೆಗೆ 118 ಸೆಕೆಂಡು ಬುಕ್ ಆಗಿದೆ. ತಾತ ಹತ್ತು ತಗೊಂಡಿದ್ದಾರೆ, ಟ್ರ್ಯಾಕ್ಟರಿಗಂತೆ. ಇನ್ನು 82 ಸೆಕೆಂಡು ಖಾಲಿ ಇದೆ.